ಡೈಕ್‌ಸ್ಟ್ರಾ ಮೇಷ್ಟ್ರು ಮತ್ತು ನಮ್ಮ ಅರ್ಗಾ ರೂಟರ್

ಎಡ್ಸ್‌ಗರ್ ಡೈಕ್‌ಸ್ಟ್ರಾ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಆಲ್ಗಾರಿದಮ್ಸ್ ಪೇಪರ್‌ನ ಹತ್ತು ಮಾರ್ಕಿನ ಪ್ರಶ್ನೆ. ಗ್ರಾಫ್ ಕೊಟ್ಟಿರ್ತಾರೆ, ಟೇಬಲ್ ಹಾಕಬೇಕು, ಪ್ರತಿ ಸಾಲಿನಲ್ಲೂ ಅತಿ ಕಡಿಮೆ ದೂರದ ನೋಡ್ ಆರಿಸಿ ಅದರ ಅಕ್ಕಪಕ್ಕದ್ದನ್ನ ಅಪ್‌ಡೇಟ್ ಮಾಡಬೇಕು. ನಾವೂ ಅಷ್ಟೇ ಮಾಡಿದ್ವಿ, ಮಾರ್ಕೂ ಬಂತು. ಆ ಹೆಸರಿನ ಹಿಂದೆ ಒಬ್ಬ ಮನುಷ್ಯ ಇದ್ದರು, ಅವರಿಗೂ ಒಂದು ಬದುಕು ಇತ್ತು ಅಂತ ಯೋಚನೆ ಬಂದಿದ್ದು ಒಂದು ರೂಟರ್ ನಮ್ಮನ್ನ ಎರಡು ದಿನ ಸತಾಯಿಸಿದ ಮೇಲೆ.

ಆಗಿದ್ದು ಇಷ್ಟು. ನೆಟ್‌ವರ್ಕಿಂಗ್ ಕಲಿಯೋಣ ಅಂತ ನಾವು ಮೂರು ಜನ ಸೇರಿ ಸಿಮ್ಯುಲೇಟರ್‌ನಲ್ಲಿ ಏಳು ರೂಟರ್ ಜೋಡಿಸಿದ್ವಿ. ಆರ್1, ಆರ್2 ಅಂತ ಇಟ್ರೆ ತಲೆ ಕೆಡುತ್ತೆ ಅಂತ ಊರುಗಳ ಹೆಸರು ಇಟ್ವಿ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ ಹೊರಟರೆ ಸಿಗೋ ಕ್ರಮದಲ್ಲೇ: ಕಾರವಾರ, ಬಿಣಗಾ, ಅರ್ಗಾ, ಅಮದಳ್ಳಿ, ಅಂಕೋಲಾ. ಅರ್ಗಾ ಅಂದ್ರೆ ನೌಕಾಪಡೆಯ ಐಎನ್‌ಎಸ್ ಕದಂಬ ನೆಲೆ ಇರೋ ಊರು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಡಲು, ಮಧ್ಯದಲ್ಲಿ ರಸ್ತೆ. ಈ ದಾರಿ ಕೈ ಕೊಟ್ಟರೆ ಇರಲಿ ಅಂತ ಕಾರವಾರದಿಂದ ಕದ್ರಾ, ಯಲ್ಲಾಪುರ ಸುತ್ತಿ ಅಂಕೋಲಾಕ್ಕೆ ಇಳಿಯೋ ಇನ್ನೊಂದು ದಾರಿಯನ್ನೂ ಹಾಕಿದ್ವಿ. ಕರಾವಳಿಯ ಪ್ರತಿ ಲಿಂಕ್‌ಗೆ ಕಾಸ್ಟ್ 10, ಘಟ್ಟದ ಪ್ರತಿ ಲಿಂಕ್‌ಗೆ 100. ಅಂದ್ರೆ ಕರಾವಳಿಯಲ್ಲಿ ಹೋದರೆ ಒಟ್ಟು 40, ಘಟ್ಟ ಹತ್ತಿ ಇಳಿದರೆ 300. ಎಲ್ಲ ರೂಟರ್‌ನಲ್ಲೂ ಓಎಸ್‌ಪಿಎಫ್ ಹಾಕಿದ್ವಿ.

ಕಾರವಾರದಿಂದ ಅಂಕೋಲಾಕ್ಕೆ ಪಿಂಗ್ ಹೋಯ್ತು. ಖುಷಿಯಾಗಿ ಚಹಾ ಕುಡಿದು ಬಂದ್ವಿ. ಆಮೇಲೆ ಸುಮ್ಮನೆ ಟ್ರೇಸ್‌ರೂಟ್ ಕೊಟ್ಟು ನೋಡಿದ್ರೆ ಪ್ಯಾಕೆಟ್ ಹೋಗ್ತಾ ಇದ್ದದ್ದು ಕದ್ರಾ, ಯಲ್ಲಾಪುರದ ಮೇಲಿಂದ! ಹತ್ತಿರದ ದಾರಿ ಇದ್ದರೂ ಘಟ್ಟ ಸುತ್ತುತ್ತಾ ಇತ್ತು. ಅರ್ಗಾದ ನೇಬರ್ ಟೇಬಲ್ ತೆಗೆದ್ವಿ. ಬಿಣಗಾ ಜೊತೆ ಸ್ಥಿತಿ ಫುಲ್. ಅಮದಳ್ಳಿ ಜೊತೆ ಎಕ್ಸ್‌ಸ್ಟಾರ್ಟ್. ಹತ್ತು ನಿಮಿಷ ಬಿಟ್ಟು ನೋಡಿದ್ರೂ ಅದೇ.

ಎಲ್ಲರೂ ಮಾಡೋದನ್ನೇ ನಾವೂ ಮಾಡಿದ್ವಿ. ಇಂಟರ್‌ಫೇಸ್ ಆಫ್ ಮಾಡಿ ಆನ್ ಮಾಡಿದ್ವಿ. ರೀಸ್ಟಾರ್ಟ್ ಮಾಡಿದ್ವಿ. ಒಬ್ಬರು ಹಲೋ ಟೈಮರ್ ಬದಲಾಯಿಸಿದ್ರು, ಇನ್ನೊಬ್ಬರು ರೂಟರ್ ಐಡಿ ಬದಲಾಯಿಸಿದ್ರು. ಸಂಜೆ ಹೊತ್ತಿಗೆ ಅರ್ಗಾಕ್ಕೆ ಅಮದಳ್ಳಿ ಕಾಣೋದೇ ನಿಂತುಹೋಯ್ತು. ಒಂದು ದೋಷ ಹುಡುಕೋಕೆ ಹೋಗಿ ಎರಡಾಯ್ತು. ಸಾಕಾಗಿ ಲ್ಯಾಪ್‌ಟಾಪ್ ಮುಚ್ಚಿ, ಇಷ್ಟಕ್ಕೆಲ್ಲ ಕಾರಣವಾದ ಡೈಕ್‌ಸ್ಟ್ರಾ ಯಾರು ಅಂತ ಓದೋಕೆ ಕೂತ್ವಿ. ಉತ್ತರ ಸಿಕ್ಕಿದ್ದು ಅಲ್ಲೇ.

ಡೈಕ್‌ಸ್ಟ್ರಾ ಹುಟ್ಟಿದ್ದು 1930ರ ಮೇ 11ರಂದು, ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ. ಅಪ್ಪ ರಸಾಯನಶಾಸ್ತ್ರಜ್ಞರು, ಅಮ್ಮ ಗಣಿತ ಓದಿದವರು. ಅವರಿಗೆ ಹತ್ತು ವರ್ಷ ತುಂಬಿದ ಮೂರೇ ದಿನಕ್ಕೆ ಆ ಊರಿನ ನಡುಭಾಗ ಜರ್ಮನ್ ಬಾಂಬ್‌ಗಳಿಗೆ ಸುಟ್ಟುಹೋಯಿತು. ದೊಡ್ಡವರಾಗುತ್ತಾ ಕಾನೂನು ಓದಿ ವಿಶ್ವಸಂಸ್ಥೆಯಲ್ಲಿ ತಮ್ಮ ದೇಶದ ಪ್ರತಿನಿಧಿಯಾಗಬೇಕು ಅನ್ನೋ ಆಸೆ ಇತ್ತಂತೆ. ಆದರೆ ವಿಜ್ಞಾನದಲ್ಲಿ ಮಾರ್ಕ್ಸ್ ಚೆನ್ನಾಗಿ ಬಂತು, ಸೈನ್ಸ್‌ಗೇ ಹೋಗು ಅಂತ ಮನೆಯವರೂ ಮೇಷ್ಟ್ರುಗಳೂ ಒಪ್ಪಿಸಿದರು. (ಈ ಭಾಗ ಓದಿದಾಗ ನಮಗೆ ನಮ್ಮ ಮನೆಗಳೇ ನೆನಪಾದವು.) 1948ರಲ್ಲಿ ಲೈಡನ್ ವಿಶ್ವವಿದ್ಯಾಲಯಕ್ಕೆ ಸೇರಿ ಭೌತಶಾಸ್ತ್ರ ಹಿಡಿದರು.

1951ರಲ್ಲಿ ಕೇಂಬ್ರಿಜ್‌ನಲ್ಲಿ ಮಾರಿಸ್ ವಿಲ್ಕ್ಸ್ ನಡೆಸುತ್ತಿದ್ದ ಮೂರು ವಾರದ ಪ್ರೋಗ್ರಾಮಿಂಗ್ ಕೋರ್ಸ್‌ಗೆ ಅಪ್ಪನೇ ಕಳಿಸಿದರು. ಮರುವರ್ಷ ಮಾರ್ಚ್‌ನಲ್ಲಿ ಆಮ್ಸ್ಟರ್‌ಡ್ಯಾಮ್‌ನ ಮ್ಯಾಥಮ್ಯಾಟಿಕಲ್ ಸೆಂಟರ್‌ನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಲೂಪ್‌ಸ್ಟ್ರಾ ಮತ್ತು ಸ್ಕೋಲ್ಟನ್ ಯಂತ್ರ ಕಟ್ಟುತ್ತಿದ್ದರು, ಅದಕ್ಕೆ ಪ್ರೋಗ್ರಾಮ್ ಬರೆಯೋದು ಇವರ ಪಾಲು. ಇಲ್ಲಿ ಒಂದು ವಿಷಯ ಗಮನಿಸಬೇಕು. ಇವರು ಪ್ರೋಗ್ರಾಮ್ ಬರೆಯುವಾಗ ಯಂತ್ರ ಇನ್ನೂ ತಯಾರೇ ಆಗಿರುತ್ತಿರಲಿಲ್ಲ. ರನ್ ಮಾಡಿ ನೋಡೋಣ ಅನ್ನೋ ಅವಕಾಶವೇ ಇಲ್ಲ. ಬರೆದದ್ದು ಸರಿ ಇದೆಯಾ ಅಂತ ಕಾಗದದ ಮೇಲೇ ಯೋಚಿಸಿ ಖಾತ್ರಿ ಮಾಡಿಕೊಳ್ಳಬೇಕಿತ್ತು. ಆ ಅಭ್ಯಾಸ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

1955ರ ಹೊತ್ತಿಗೆ ಅವರಿಗೆ ಒಂದು ಗೊಂದಲ ಶುರುವಾಯಿತು. ಭೌತಶಾಸ್ತ್ರ ಮುಂದುವರಿಸಲಾ, ಪ್ರೋಗ್ರಾಮರ್ ಆಗಲಾ? ಪ್ರೋಗ್ರಾಮಿಂಗ್ ಅನ್ನೋ ವಿದ್ಯೆಗೆ ಆಗ ಗೌರವವೇ ಇರಲಿಲ್ಲ. ಮೇಲಧಿಕಾರಿ ಫಾನ್ ವೈಂಗಾರ್ಡನ್ ಹತ್ತಿರ ಹೋಗಿ ಹೇಳಿಕೊಂಡರು. ಕಂಪ್ಯೂಟರ್‌ಗಳು ಬಂದಾಗಿದೆ, ಇನ್ನು ಹೋಗೋದಿಲ್ಲ, ಈ ವಿದ್ಯೆಗೆ ಗೌರವ ತರೋರಲ್ಲಿ ನೀನೂ ಒಬ್ಬ ಯಾಕಾಗಬಾರದು ಅನ್ನೋ ಅರ್ಥದಲ್ಲಿ ಅವರು ಧೈರ್ಯ ತುಂಬಿದರು. ಡೈಕ್‌ಸ್ಟ್ರಾ ತೀರ್ಮಾನ ಮಾಡಿಯೇಬಿಟ್ಟರು. ಆದರೆ ಸರ್ಕಾರಿ ಕಚೇರಿ ಒಪ್ಪಬೇಕಲ್ಲ! 1957ರಲ್ಲಿ ರಿಯಾ ಡೆಬೆಟ್ಸ್ ಜೊತೆ ಮದುವೆಯಾದಾಗ ಉದ್ಯೋಗದ ಜಾಗದಲ್ಲಿ ಪ್ರೋಗ್ರಾಮರ್ ಅಂತ ಬರೆಸಿದರು. ಅಂಥದ್ದೊಂದು ಉದ್ಯೋಗವೇ ಇಲ್ಲ ಅಂತ ನೋಂದಣಿಯವರು ಒಪ್ಪಲಿಲ್ಲ. ಕೊನೆಗೆ ಭೌತಶಾಸ್ತ್ರಜ್ಞ ಅಂತಲೇ ದಾಖಲಾಯಿತು.

ಮದುವೆಗೆ ಮುಂಚೆ, 1956ರಲ್ಲಿ, ನಮ್ಮ ಹತ್ತು ಮಾರ್ಕಿನ ಪ್ರಶ್ನೆ ಹುಟ್ಟಿತು. ರಿಯಾ ಜೊತೆ ಆಮ್ಸ್ಟರ್‌ಡ್ಯಾಮ್‌ನಲ್ಲಿ ಶಾಪಿಂಗ್ ಮಾಡಿ ಸುಸ್ತಾಗಿ ಒಂದು ಕೆಫೆಯ ಹೊರಗೆ ಕಾಫಿಗೆ ಕೂತಿದ್ದರು. ಹೊಸದಾಗಿ ಕಟ್ಟಿದ ಆರ್ಮ್ಯಾಕ್ ಯಂತ್ರದ ಉದ್ಘಾಟನೆಗೆ ಸಾಮಾನ್ಯ ಜನರಿಗೂ ಅರ್ಥವಾಗೋ ಒಂದು ಪ್ರದರ್ಶನ ಬೇಕಾಗಿತ್ತು. ಒಂದು ಊರಿಂದ ಇನ್ನೊಂದು ಊರಿಗೆ ಅತಿ ಹತ್ತಿರದ ದಾರಿ ಯಾವುದು? ಪೆನ್ನಿಲ್ಲ, ಕಾಗದವಿಲ್ಲ, ಇಪ್ಪತ್ತು ನಿಮಿಷದಲ್ಲಿ ತಲೆಯಲ್ಲೇ ಉತ್ತರ ಸಿದ್ಧವಾಯಿತು. ಪ್ರದರ್ಶನಕ್ಕೆ ನೆದರ್ಲೆಂಡ್ಸ್‌ನ 64 ಊರುಗಳ ನಕ್ಷೆ ಮಾಡಿಕೊಂಡರು. 64 ಯಾಕೆ? ಊರಿನ ಸಂಖ್ಯೆಗೆ 6 ಬಿಟ್ ಸಾಕಾಗುತ್ತೆ, ಅದಕ್ಕೆ. ಪ್ರಕಟಿಸೋಕೆ ಅವಸರ ಮಾಡಲಿಲ್ಲ. 1959ರಲ್ಲಿ ಒಂದು ಗಣಿತ ಪತ್ರಿಕೆಯಲ್ಲಿ ಮೂರೇ ಪುಟದಲ್ಲಿ ಬಂತು.

ಇಲ್ಲಿಗೆ ಬಂದಾಗ ನಾವು ಒಂದು ಕ್ಷಣ ನಿಂತ್ವಿ. ದಾರಿ ಹುಡುಕೋದು ಇಪ್ಪತ್ತು ನಿಮಿಷದ ಕೆಲಸ. ಹಾಗಿದ್ರೆ ಉಳಿದ ನಲವತ್ತೈದು ವರ್ಷ ಅವರು ಮಾಡಿದ್ದೇನು? ಅದನ್ನ ಓದ್ತಾ ಹೋದಾಗ ಒಂದು ವಿಷಯ ಕಾಣಿಸಿತು. ಅದರಲ್ಲಿ ದೊಡ್ಡ ಪಾಲು ಒಂದೇ ಪ್ರಶ್ನೆಯ ಬೇರೆ ಬೇರೆ ರೂಪ: ಒಬ್ಬರ ವೇಗ ಇನ್ನೊಬ್ಬರಿಗೆ ಗೊತ್ತಿಲ್ಲದ ಇಬ್ಬರು ಹೇಗೆ ಹೊಂದಿಕೊಂಡು ಕೆಲಸ ಮಾಡಬೇಕು?

1950ರ ದಶಕದ ಕೊನೆಗೆ ಎಕ್ಸ್1 ಅನ್ನೋ ಯಂತ್ರಕ್ಕೆ ಇಂಟರಪ್ಟ್ ಸೇರಿಸೋ ಮಾತು ಬಂತು. ಡೈಕ್‌ಸ್ಟ್ರಾ ಹೆದರಿದರು. ಯಾವ ಕ್ಷಣದಲ್ಲಿ ಬೇಕಾದರೂ ಸಿಗ್ನಲ್ ಬಂದು ಪ್ರೋಗ್ರಾಮ್ ನಿಲ್ಲಬಹುದು ಅಂದ್ರೆ, ಇವತ್ತು ಬಂದ ತಪ್ಪು ನಾಳೆ ಬರಲಿಕ್ಕಿಲ್ಲ. ಟೆಸ್ಟ್ ಮಾಡಿ ಹಿಡಿಯೋದು ಕಷ್ಟ, ಯೋಚಿಸಿಯೇ ತಪ್ಪಿಸಬೇಕು. ಸ್ವಲ್ಪ ಕಾಲ ತಳ್ಳಿಹಾಕಿದರೂ ಕೊನೆಗೆ ಒಪ್ಪಿ, ಅದನ್ನೇ ತಮ್ಮ ಪಿಎಚ್‌ಡಿ ವಿಷಯ ಮಾಡಿಕೊಂಡರು. 1959ರಲ್ಲಿ ಪದವಿ ಬಂತು. 1960ರಲ್ಲಿ ಯಾಪ್ ಝೋನೆವೆಲ್ಡ್ ಜೊತೆ ಆಲ್ಗಾಲ್ 60 ಭಾಷೆಗೆ ಕಂಪೈಲರ್ ಬರೆದರು. ಮುಗಿಯೋವರೆಗೂ ಗಡ್ಡ ತೆಗೆಯೋದಿಲ್ಲ ಅಂತ ಇಬ್ಬರೂ ಪಣ ತೊಟ್ಟಿದ್ದರು. ಕಂಪೈಲರ್ ಮುಗಿಯಿತು, ಡೈಕ್‌ಸ್ಟ್ರಾ ಗಡ್ಡ ಹಾಗೇ ಉಳಿಯಿತು. ಫೋಟೋಗಳಲ್ಲಿ ಕಾಣೋ ಆ ಗಡ್ಡದ ಕಥೆ ಇದು.

1962ರಲ್ಲಿ ಐಂಡ್‌ಹೋವನ್‌ನಲ್ಲಿ ಪ್ರೊಫೆಸರ್ ಆದರು. ಅಲ್ಲಿ ಸಣ್ಣ ತಂಡ ಕಟ್ಟಿಕೊಂಡು ಟಿಎಚ್‌ಇ ಅನ್ನೋ ಆಪರೇಟಿಂಗ್ ಸಿಸ್ಟಮ್ ಮಾಡಿದರು. ಪದರ ಪದರವಾಗಿ ಕಟ್ಟಿದ್ದು, ಕೆಳಗಿನ ಪದರ ಸರಿ ಅಂತ ಖಾತ್ರಿಯಾದ ಮೇಲೇ ಮೇಲಿನದು. ನಾವು ಆಪರೇಟಿಂಗ್ ಸಿಸ್ಟಮ್ಸ್‌ನಲ್ಲಿ ಓದೋ ಸೆಮಫೋರ್ ಅವರದ್ದೇ. ಆ ಪದ ಬಂದಿದ್ದು ರೈಲ್ವೆಯ ಕೈಮರದಿಂದ. ನಮ್ಮ ಕೊಂಕಣ ರೈಲ್ವೆ ನೆನೆಸಿಕೊಳ್ಳಿ. ಹಾರವಾಡ ಮತ್ತು ಅಂಕೋಲಾ ನಿಲ್ದಾಣದ ನಡುವೆ ಇರೋದು ಒಂದೇ ಹಳಿ. ಒಂದು ಗಾಡಿ ಒಳಗಿದ್ದರೆ ಎದುರಿನದ್ದು ಸಿಗ್ನಲ್‌ಗೆ ಕಾಯಲೇಬೇಕು. ಆದರೆ ಎರಡೂ ಗಾಡಿ ಇನ್ನೊಂದು ಮೊದಲು ಬರಲಿ ಅಂತ ಕಾಯ್ತಾ ಕೂತರೆ? ಅದೇ ಡೆಡ್‌ಲಾಕ್. ಅದನ್ನ ವಿವರಿಸೋಕೆ 1965ರಲ್ಲಿ ಪರೀಕ್ಷೆಗೆ ಅಂತ ಕೊಟ್ಟ ಪ್ರಶ್ನೆಯೇ ಮುಂದೆ ಊಟಕ್ಕೆ ಕೂತ ಐದು ತತ್ವಜ್ಞಾನಿಗಳ ಕಥೆಯಾಗಿ ಪ್ರಸಿದ್ಧವಾಯಿತು.

1968ರಲ್ಲಿ ಗೋಟು ಸ್ಟೇಟ್‌ಮೆಂಟ್ ವಿರುದ್ಧ ಅವರ ಪತ್ರ ಪ್ರಕಟವಾಗಿ ದೊಡ್ಡ ಗಲಾಟೆಯೇ ಆಯಿತು. ಅವರ ವಾದ ಸರಳ. ಪ್ರೋಗ್ರಾಮ್ ಈಗ ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ ಅಂತ ಓದೋನಿಗೆ ಹೇಳೋಕೆ ಬರಬೇಕು. ಎಲ್ಲಿಂದ ಎಲ್ಲಿಗೋ ಜಿಗಿದರೆ ಅದು ಆಗಲ್ಲ. 1972ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. 1973ರಿಂದ ಬರೋಸ್ ಕಂಪನಿಯ ಸಂಶೋಧಕರಾಗಿ ನ್ಯೂನೆನ್ ಅನ್ನೋ ಊರಿನ ಮನೆಯಿಂದಲೇ ಕೆಲಸ. ವರ್ಕ್ ಫ್ರಂ ಹೋಮ್ ಆಗಲೇ! ಫೌಂಟನ್ ಪೆನ್‌ನಲ್ಲಿ ಮುದ್ದಾಗಿ ಬರೆದು, ತಮ್ಮ ಇನಿಶಿಯಲ್ ಮತ್ತು ಕ್ರಮಸಂಖ್ಯೆ ಹಾಕಿ, ಪ್ರತಿ ಮಾಡಿಸಿ ಗೆಳೆಯರಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಅಂಥ ಬರಹಗಳು 1300ಕ್ಕೂ ಹೆಚ್ಚು.

ಈ ನಡುವೆ ಅವರ ಹಳೆಯ ಆಲ್ಗಾರಿದಮ್ ಸಾಗರ ದಾಟಿತು. ಅಮೆರಿಕದಲ್ಲಿ 1969ರಲ್ಲಿ ಶುರುವಾದ ಅರ್ಪಾನೆಟ್‌ನಲ್ಲಿ ಮೊದಲು ಪ್ರತಿ ನೋಡ್ ತನ್ನ ದೂರದ ಪಟ್ಟಿಯನ್ನ ಅಕ್ಕಪಕ್ಕದವರಿಗೆ ಕೊಡುತ್ತಿತ್ತು. ಅವರು ಹೇಳಿದ್ದನ್ನ ಇವರು, ಇವರು ಹೇಳಿದ್ದನ್ನ ಇನ್ನೊಬ್ಬರು ನಂಬೋದು. 1979ರ ಸುಮಾರಿಗೆ ಅದನ್ನ ಬದಲಾಯಿಸಿದರು. ಪ್ರತಿ ನೋಡ್ ತನ್ನ ಅಕ್ಕಪಕ್ಕದ ಲಿಂಕ್‌ಗಳ ಸುದ್ದಿಯನ್ನ ಎಲ್ಲರಿಗೂ ಮುಟ್ಟಿಸುತ್ತೆ, ಎಲ್ಲರ ಹತ್ತಿರವೂ ಪೂರ್ತಿ ನಕ್ಷೆ ಇರುತ್ತೆ, ಪ್ರತಿಯೊಬ್ಬರೂ ಡೈಕ್‌ಸ್ಟ್ರಾ ಆಲ್ಗಾರಿದಮ್ ಓಡಿಸಿ ತಮ್ಮ ದಾರಿ ತಾವೇ ಲೆಕ್ಕ ಹಾಕ್ತಾರೆ. ನಮ್ಮ ಓಎಸ್‌ಪಿಎಫ್ ಇದೇ ವಂಶದ್ದು. ಮೊದಲ ರೂಪ 1989ರದ್ದು, ಐಪಿ ವರ್ಷನ್ 4ಕ್ಕೆ ಇವತ್ತಿಗೂ ಆಧಾರವಾಗಿರೋ ದಾಖಲೆ 1998ರದ್ದು.

ಆದರೆ ನಕ್ಷೆಯೇ ತಪ್ಪಿದ್ದರೆ? 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66ರ ಮೇಲೆ, ಗಂಗಾವಳಿ ನದಿಯವರೆಗೂ ಬಿತ್ತು. ಜೀವಗಳು ಹೋದವು. ಆವತ್ತು ಅಚ್ಚಾದ ಎಲ್ಲ ನಕ್ಷೆಯಲ್ಲೂ ಅಲ್ಲಿ ರಸ್ತೆಯ ಗೆರೆ ಇದ್ದೇ ಇತ್ತು, ನೆಲದ ಮೇಲೆ ರಸ್ತೆ ಇರಲಿಲ್ಲ. ಅತಿ ಹತ್ತಿರದ ದಾರಿ ಲೆಕ್ಕ ಹಾಕೋ ಯಾವ ಆಲ್ಗಾರಿದಮ್ಮೂ ಅದನ್ನ ತಾನಾಗಿ ತಿಳಿಯಲ್ಲ. ಆ ಜಾಗದ ಪಕ್ಕದಲ್ಲಿ ಇರೋರು ಹೇಳಬೇಕು, ಹೇಳಿದ್ದು ಸರಿಯಾಗಿ ಎಲ್ಲರಿಗೂ ಮುಟ್ಟಬೇಕು.

ಮುಟ್ಟೋ ಹಾದಿಯಲ್ಲೇ ಸುದ್ದಿ ಕೆಟ್ಟರೆ ಏನಾಗುತ್ತೆ ಅನ್ನೋದಕ್ಕೆ 1980ರ ಅಕ್ಟೋಬರ್ 27 ಸಾಕ್ಷಿ. ಅವತ್ತು ಅರ್ಪಾನೆಟ್ ಇಡೀ ಹಲವು ಗಂಟೆ ನಿಂತುಹೋಯಿತು. ಒಂದು ನೋಡ್‌ನ ಸುದ್ದಿಯ ಕ್ರಮಸಂಖ್ಯೆಯಲ್ಲಿ ಹಾರ್ಡ್‌ವೇರ್ ದೋಷದಿಂದ ಬಿಟ್‌ಗಳು ಬಿದ್ದುಹೋಗಿ, 44, 40, 8 ಅನ್ನೋ ಮೂರು ಸಂಖ್ಯೆಯ ಸುದ್ದಿಗಳು ಒಟ್ಟಿಗೆ ಓಡಾಡತೊಡಗಿದವು. ಸಂಖ್ಯೆ 6 ಬಿಟ್‌ನದ್ದು, 63 ಆದ ಮೇಲೆ ಮತ್ತೆ 0. ಹಾಗಾಗಿ 40ಕ್ಕಿಂತ 44 ಹೊಸದು, 8ಕ್ಕಿಂತ 40 ಹೊಸದು, ಸುತ್ತು ಬಂದು ನೋಡಿದರೆ 44ಕ್ಕಿಂತ 8 ಹೊಸದು! ಪ್ರತಿ ನೋಡ್ ಕೂಡ ಬಂದದ್ದೆಲ್ಲ ಹೊಸ ಸುದ್ದಿ ಅಂತ ಪಕ್ಕದವರಿಗೆ ದಾಟಿಸುತ್ತಲೇ ಇತ್ತು. ದಾರಿಯ ಲೆಕ್ಕದಲ್ಲಿ ತಪ್ಪಿರಲಿಲ್ಲ. ಕೆಟ್ಟ ಬಿಟ್ ಕೂಡ ಆಮೇಲೆ ಉಳಿದಿರಲಿಲ್ಲ. ಆದರೂ ನೆಟ್‌ವರ್ಕ್ ತಾನಾಗಿ ಸರಿಹೋಗಲಿಲ್ಲ.

ಈ ಕಾಯಿಲೆಗೆ ಬೇಕಾದ ಯೋಚನೆಯನ್ನ ಡೈಕ್‌ಸ್ಟ್ರಾ ಆರು ವರ್ಷ ಮೊದಲೇ, 1974ರಲ್ಲಿ, ಒಂದು ಪುಟ್ಟ ಲೇಖನದಲ್ಲಿ ಬರೆದಿಟ್ಟಿದ್ದರು. ಯಂತ್ರಗಳು ಬಳೆಯ ಹಾಗೆ ವೃತ್ತದಲ್ಲಿವೆ. ಪ್ರತಿಯೊಂದಕ್ಕೂ ಕಾಣೋದು ತನ್ನ ಪಕ್ಕದವರ ಸ್ಥಿತಿ ಮಾತ್ರ. ಎಲ್ಲವನ್ನೂ ಹೇಗೆ ಬೇಕಾದರೂ ಕೆಡಿಸಿ ಬಿಡಿ. ಮೇಲಿಂದ ಯಾರೂ ಕೈ ಹಾಕದೆ, ಪಕ್ಕದವರನ್ನ ನೋಡಿಕೊಂಡೇ ಅವು ಸರಿಯಾದ ಸ್ಥಿತಿಗೆ ಬರೋ ಹಾಗೆ ನಿಯಮ ಮಾಡಬಹುದು ಅಂತ ತೋರಿಸಿದರು. ಸುಮಾರು ಹತ್ತು ವರ್ಷ ಯಾರೂ ಅದನ್ನ ಹೆಚ್ಚು ಗಮನಿಸಲಿಲ್ಲ. 1983ರಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಒಂದು ಸಮ್ಮೇಳನದಲ್ಲಿ ಹೊಗಳಿದ ಮೇಲೆ ಜನ ಓದಿದರು. ಅದೇ ವರ್ಷ ರೇಡಿಯಾ ಪರ್ಲ್‌ಮನ್ ಅರ್ಪಾನೆಟ್‌ಗೆ ಬಂದಂಥ ಕಾಯಿಲೆಗೆ ತಾನಾಗಿ ವಾಸಿಯಾಗೋ ವಿಧಾನ ಬರೆದರು. ಓಎಸ್‌ಪಿಎಫ್‌ನಲ್ಲಿ ಅದರ ಗುರುತು ಇವತ್ತೂ ಇದೆ. ಪ್ರತಿ ಸುದ್ದಿಗೂ ಚೆಕ್‌ಸಮ್ ಇದೆ, ವಯಸ್ಸು ಇದೆ, 30 ನಿಮಿಷಕ್ಕೊಮ್ಮೆ ಹೊಸದಾಗಿ ಕಳಿಸಬೇಕು, ಒಂದು ಗಂಟೆ ತುಂಬಿದರೆ ಎಲ್ಲರೂ ಅಳಿಸಿಹಾಕ್ತಾರೆ. ಕ್ರಮಸಂಖ್ಯೆ 32 ಬಿಟ್‌ನದ್ದು, ವೃತ್ತದಲ್ಲಿ ಸುತ್ತಲ್ಲ.

ಡೈಕ್‌ಸ್ಟ್ರಾ 1984ರಲ್ಲಿ ಟೆಕ್ಸಸ್‌ನ ಆಸ್ಟಿನ್‌ಗೆ ಹೋಗಿ 1999ರವರೆಗೆ ಪಾಠ ಮಾಡಿದರು. ಪಾಠಕ್ಕೆ ಸೀಮೆಸುಣ್ಣ, ಬರೆಯೋಕೆ ಪೆನ್ನು. ಕಂಪ್ಯೂಟರ್ ವಿಜ್ಞಾನದ ಅಷ್ಟು ದೊಡ್ಡ ಮನುಷ್ಯ ಸ್ವಂತಕ್ಕೆ ಕಂಪ್ಯೂಟರ್ ಬಳಸಿದ್ದು ಬಹಳ ಕಡಿಮೆ. 2002ರಲ್ಲಿ, ಆ 1974ರ ಲೇಖನಕ್ಕೆ ಪ್ರಶಸ್ತಿ ಬಂತು. ಅದೇ ವರ್ಷ ಆಗಸ್ಟ್ 6ರಂದು ನ್ಯೂನೆನ್‌ನ ಮನೆಯಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. 72 ವರ್ಷ. ಮರುವರ್ಷದಿಂದ ಆ ಪ್ರಶಸ್ತಿಗೆ ಅವರ ಹೆಸರನ್ನೇ ಇಟ್ಟರು.

ಇಷ್ಟು ಓದಿ ಮರುದಿನ ಲ್ಯಾಪ್‌ಟಾಪ್ ಮುಂದೆ ಕೂತಾಗ ಮೊದಲು ಕೀಬೋರ್ಡ್ ಮುಟ್ಟಲಿಲ್ಲ. ಹಿಂದಿನ ದಿನದ ಬದಲಾವಣೆಗಳನ್ನ ಒಂದೊಂದಾಗಿ ವಾಪಸ್ ತೆಗೆದು, ನೋಟ್‌ಬುಕ್ಕಲ್ಲಿ ಬರೆದುಕೊಂಡ್ವಿ: ಈ ಸ್ಥಿತಿಯಲ್ಲಿ ನಿಂತಿದೆ ಅಂದ್ರೆ ಇಲ್ಲಿವರೆಗಿನ ಯಾವ್ಯಾವುದು ಸರಿ ಇರಲೇಬೇಕು?

ನೇಬರ್ ಟೇಬಲ್‌ನಲ್ಲಿ ಪಕ್ಕದವರೇ ಇಲ್ಲ ಅಂದ್ರೆ ಹಲೋನೇ ಬಂದಿಲ್ಲ ಅಥವಾ ಬಂದದ್ದು ಒಪ್ಪಿಗೆಯಾಗಿಲ್ಲ. ಕೇಬಲ್, ಇಂಟರ್‌ಫೇಸ್, ಸಬ್‌ನೆಟ್ ಮಾಸ್ಕ್, ಏರಿಯಾ ಸಂಖ್ಯೆ, ಹಲೋ ಮತ್ತು ಡೆಡ್ ಟೈಮರ್, ಪಾಸ್‌ವರ್ಡ್ ಎರಡೂ ಕಡೆ ಒಂದೇ ಇದೆಯಾ ನೋಡಬೇಕು. ಈಥರ್ನೆಟ್‌ನಲ್ಲಿ ಸಾಮಾನ್ಯವಾಗಿ ಹಲೋ 10 ಸೆಕೆಂಡ್, ಡೆಡ್ 40. ಆ ಇಂಟರ್‌ಫೇಸ್ ಪ್ಯಾಸಿವ್ ಆಗಿದೆಯಾ, 224.0.0.5ಕ್ಕೆ ಹೋಗೋ ಪ್ಯಾಕೆಟ್‌ನ ಯಾವುದಾದರೂ ಫಿಲ್ಟರ್ ತಡೀತಿದೆಯಾ ಅಂತಲೂ ನೋಡಬೇಕು. ನಮ್ಮ ಎರಡನೇ ದೋಷ ಇಲ್ಲೇ ಇತ್ತು: ಟೈಮರ್ ಒಂದೇ ಕಡೆ ಬದಲಾಯಿಸಿದ್ವಿ.

ಇನಿಟ್‌ನಲ್ಲಿ ನಿಂತಿದ್ರೆ ಅವರ ಮಾತು ನಮಗೆ ಕೇಳ್ತಿದೆ, ನಮ್ಮದು ಅವರಿಗೆ ಕೇಳ್ತಿಲ್ಲ. ಟೂ-ವೇ ಅಂದ್ರೆ ಇಬ್ಬರಿಗೂ ಕೇಳ್ತಿದೆ. ಒಂದೇ ಸ್ವಿಚ್‌ನಲ್ಲಿ ಹಲವು ರೂಟರ್ ಇದ್ದಾಗ ಕೆಲವು ಜೋಡಿ ಟೂ-ವೇನಲ್ಲೇ ಉಳಿಯೋದು ತಪ್ಪಲ್ಲ, ನಿಯಮವೇ ಹಾಗೆ. ಎರಡೇ ರೂಟರ್ ಇದ್ದು ಎರಡರ ಪ್ರಯಾರಿಟಿಯೂ 0 ಆಗಿದ್ರೆ ಮಾತ್ರ ತಪ್ಪು.

ನಮ್ಮದು ಎಕ್ಸ್‌ಸ್ಟಾರ್ಟ್. ಅಂದ್ರೆ ಹಲೋ, ಏರಿಯಾ, ಟೈಮರ್ ಎಲ್ಲ ಸರಿ. ಎರಡು ದಿನ ನಾವು ಕೆದಕಿದ್ದೆಲ್ಲ ಸರಿ ಇದ್ದ ಜಾಗವನ್ನೇ! ಈ ಹಂತದಲ್ಲಿ ಯಾರು ಮಾಸ್ಟರ್ ಅಂತ ತೀರ್ಮಾನ ಆಗಬೇಕು, ತಮ್ಮ ನಕ್ಷೆಯ ಪಟ್ಟಿ ಬದಲಾಯಿಸಿಕೊಳ್ಳಬೇಕು. ಆ ಪ್ಯಾಕೆಟ್‌ನಲ್ಲಿ ಎಂಟಿಯು, ಅಂದ್ರೆ ಒಂದು ಸಲಕ್ಕೆ ಎಷ್ಟು ದೊಡ್ಡ ಪ್ಯಾಕೆಟ್ ಕಳಿಸಬಹುದು ಅನ್ನೋ ಅಳತೆ, ಬರೆದಿರುತ್ತೆ. ಬಂದ ಅಳತೆ ತನಗಿಂತ ದೊಡ್ಡದಿದ್ರೆ ರೂಟರ್ ಆ ಪ್ಯಾಕೆಟನ್ನ ಬಿಸಾಡುತ್ತೆ. ನೋಡಿದ್ರೆ ಅಮದಳ್ಳಿಯಲ್ಲಿ 1500, ಅರ್ಗಾದಲ್ಲಿ 1400. ಹಿಂದಿನ ವಾರ ಟನೆಲ್ ಅಭ್ಯಾಸಕ್ಕೆ ಅಂತ ನಾವೇ ಬದಲಾಯಿಸಿ ಸೇವ್ ಮಾಡಿ ಮರೆತಿದ್ವಿ. ಅದಕ್ಕೇ ರೀಸ್ಟಾರ್ಟ್‌ಗೂ ಬಗ್ಗಲಿಲ್ಲ. ಪಿಂಗ್ ಸಣ್ಣ ಪ್ಯಾಕೆಟ್, ಹಲೋನೂ ಸಣ್ಣದು, ಎರಡೂ ಸಲೀಸಾಗಿ ಹೋಗ್ತಿದ್ದವು. ಅರ್ಗಾದಿಂದ 1500 ಬೈಟ್‌ನ ಪಿಂಗನ್ನ ತುಂಡು ಮಾಡಬೇಡ ಅನ್ನೋ ಬಿಟ್ ಹಾಕಿ ಕಳಿಸಿದ್ವಿ. ಹೋಗಲಿಲ್ಲ. ಊಹೆ ಖಾತ್ರಿಯಾಯ್ತು.

ಎಂಟಿಯು ನೋಡಲೇಬೇಡ ಅಂತ ರೂಟರ್‌ಗೆ ಹೇಳೋ ಒಂದು ಕಮಾಂಡ್ ಇದೆ, ಅದನ್ನೇ ಹಾಕಿಬಿಡೋಣ ಅಂತ ನಮ್ಮಲ್ಲೊಬ್ಬರು ಅಂದ್ರು. ಫುಲ್ ಅಂತ ಬರುತ್ತಿತ್ತು, ನಿಜ. ಆದರೆ ಅಳತೆಯ ವ್ಯತ್ಯಾಸ ಹಾಗೇ ಉಳಿದು, ಮುಂದೆ ದೊಡ್ಡ ಪ್ಯಾಕೆಟ್‌ಗಳು ಹೇಳದೆ ಕೇಳದೆ ಕಳೆದುಹೋದರೆ ಆಗ ಹುಡುಕೋದು ಇನ್ನೂ ಕಷ್ಟ. ಬೇಡ ಅಂತ ತೀರ್ಮಾನಿಸಿ ಅರ್ಗಾದ 1400 ತೆಗೆದುಹಾಕಿದ್ವಿ. ಸ್ವಲ್ಪ ಹೊತ್ತಿಗೆ ಎಕ್ಸ್‌ಚೇಂಜ್, ಲೋಡಿಂಗ್, ಫುಲ್. ಟ್ರೇಸ್‌ರೂಟ್ ಕೊಟ್ವಿ: ಬಿಣಗಾ, ಅರ್ಗಾ, ಅಮದಳ್ಳಿ, ಅಂಕೋಲಾ.

ಎರಡು ದಿನ ಟೈಪ್ ಮಾಡಿ ಸಿಗದ ಉತ್ತರ ಅರ್ಧ ಗಂಟೆ ಬರೆದಾಗ ಸಿಕ್ಕಿತು. ಆಲ್ಗಾರಿದಮ್ ಮೊದಲ ದಿನವೂ ತಪ್ಪು ಮಾಡಿರಲಿಲ್ಲ. ಅರ್ಗಾ ಮತ್ತು ಅಮದಳ್ಳಿ ನಡುವೆ ಮಾತು ಮುರಿದಿತ್ತು, ಅದಕ್ಕೆ ಕೊಟ್ಟ ನಕ್ಷೆಯಲ್ಲಿ ಆ ಗೆರೆಯೇ ಇರಲಿಲ್ಲ, ಇದ್ದ ನಕ್ಷೆಗೆ ಅದು ಸರಿಯಾದ ದಾರಿಯನ್ನೇ ಹೇಳಿತ್ತು. ಮುಂದಿನ ಸಲ ನಿಮ್ಮ ಲ್ಯಾಬ್‌ನಲ್ಲೂ ಒಂದು ರೂಟರ್ ಹೀಗೆ ಹಠ ಹಿಡಿದರೆ, ಏನನ್ನಾದರೂ ಬದಲಾಯಿಸೋ ಮೊದಲು ಅದು ಯಾವ ಸ್ಥಿತಿಯಲ್ಲಿದೆ ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಫೌಂಟನ್ ಪೆನ್ನೇ ಬೇಕು ಅಂತೇನಿಲ್ಲ, ಐದು ರೂಪಾಯಿಯ ಬಾಲ್‌ಪೆನ್ ಸಾಕು. ನಮ್ಮ ಕೆಲಸ ಅದರಲ್ಲೇ ಆಯ್ತು.